ನಮ್ಮ ಮಾವನ ಕಡವೂ ಮಂಗಳೂರಿನ ಗೂಡ್ಸ್ ರೈಲೂ

ಬನ್ನಿ, ಆ ಮಣೆ ಎಳೆದುಕೊಂಡು ಗೋಡೆಗೆ ಒರಗಿ ಕೂತುಕೊಳ್ಳಿ. ಕಾಲು ಚಾಚಿದರೂ ಅಡ್ಡಿಯಿಲ್ಲ, ನಾನೂ ಚಾಚಿಯೇ ಕೂತದ್ದು. ಸಾಮಾನು ಹೆಚ್ಚಾದರೆ ದಾರಿ ಕಟ್ಟುತ್ತದೆ, ದಾರಿ ಕಟ್ಟಿದರೆ ಮನುಷ್ಯನಿಗೆ ಬುದ್ಧಿ ಹೆಚ್ಚಾಗುತ್ತದೆ, ಬುದ್ಧಿ ಹೆಚ್ಚಾದರೆ ದಾರಿ ಮತ್ತಷ್ಟು ಕಟ್ಟುತ್ತದೆ. ಇದು ಯಾವ ಕಾಲಕ್ಕೂ ನಿಂತದ್ದಲ್ಲ. ಗೂಡ್ಸ್ ರೈಲು ಯಾಕೆ ತಡ ಅಂತ ಓದಿದವರು ತಲೆ ಕೆರೆದುಕೊಳ್ಳುತ್ತಾರೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕಡವಿನ ಮನೆಗೆ ಸೊಸೆಯಾಗಿ ಬಂದವಳು.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೋಗುವ ದಾರಿಯಲ್ಲಿ ಹೊಳೆಗೆ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹೊಡೆದ ಜಂಗಲ್ಲಿನ ಮೇಲೆ ಎತ್ತಿನಗಾಡಿಗಳು ಆಚೆ ದಡ ಸೇರಬೇಕು. ಹೀಗೆ ಹೊಳೆ ದಾಟಿಸುವ ಜಾಗಕ್ಕೆ ಕಡವು ಅನ್ನುವುದು, ಆ ಕಡವಿನ ಗುತ್ತಿಗೆ ನಮ್ಮ ಮಾವನದ್ದು. ಮೊದಲೆಲ್ಲ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಜಂಗಲ್ಲಿನವರಿಗೆ ನಿದ್ದೆ. ಯುದ್ಧ ಬಂದು ಪೆಟ್ರೋಲಿಲ್ಲದೆ ಲಾರಿಗಳು ಕೂತವು ನೋಡಿ, ಬೈಂದೂರಿನ ಒಣಮೀನು, ನಾವುಂದದ ಕೊಬ್ಬರಿ, ಕೆರಾಡಿಯ ಬಿದಿರು, ಮಂಗಳೂರಿನ ರೈಲಿಗೆ ಹೋಗುವುದೆಲ್ಲ ಗಾಡಿ ಹತ್ತಿ ನಮ್ಮ ಕಡವಿಗೇ ಬಂತು. ಗಾಡಿಯ ಸಾಲು ನಮ್ಮ ಬಾವಿಕಟ್ಟೆಯವರೆಗೆ ಬೆಳೆಯಿತು. ನೀರು ಸೇದಲು ಹೋದರೆ ಯಾರದೋ ಎತ್ತು ನನ್ನ ಕೊಡಕ್ಕೇ ಮೂತಿ ಹಾಕುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಕೂಗಾಡಿದವರು ನಾವುಂದದ ಕೊಬ್ಬರಿ ಸಾಹುಕಾರರು. "ಹ್ವಾಯ್, ಹೀಂಗಾದ್ರೆ ಮುಂದಿನ ಏಲಂಗೆ ನಾ ಬೇರೆಯವ್ರನ್ನ ತಕಂಡ್ ಬತ್ತೆ, ಕಾಣಿ" ಅಂದರು. ಕಡವಿನ ಗುತ್ತಿಗೆ ಏಲಂ ಕೂಗಿ ಹರಾಜಾಗುತ್ತಿತ್ತು ನೋಡಿ. ಬ್ರಹ್ಮಾವರದ ಅಕ್ಕಿಮಿಲ್ಲಿನ ಧಣಿಯೊಬ್ಬರಿಗೆ ಆಗಲೇ ಆಸೆ ಹುಟ್ಟಿಸಿದ್ದರು. ಕಡವು ಕೈಬಿಟ್ಟರೆ ಮನೆಯ ಗಂಡಸರು ಬೊಂಬಾಯಿಗೆ ಹೋಗಿ ಹೋಟೆಲು ಸೇರಬೇಕು, ಬೇರೆ ದಾರಿ ಇರಲಿಲ್ಲ. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಗಾಗಿ ಆ ಸಾಲು ಕರಗಲಿ ಅಂತ ಮಾವನಿಗಿಂತ ಹೆಚ್ಚು ಹರಕೆ ಹೊತ್ತವಳು ನಾನು.

೧. ಎರಡನೆಯ ಜಂಗಲ್ಲು

ಮಾವ ಯೋಚನೆ ಮಾಡಿ ಮಾಡಿ ಇನ್ನೊಂದು ಜಂಗಲ್ಲು ಕಟ್ಟಿಸಿದರು. ತೆಂಗಿನಕಾಯಿ ಒಡೆದು, ಹೂವು ಮುಡಿಸಿ ನೀರಿಗಿಳಿಸಿದ್ದೂ ಆಯಿತು. ಮೊದಲನೆಯದು ಆಚೆ ದಡ ಮುಟ್ಟಿ ಗಾಡಿ ಇಳಿಸುತ್ತಿದ್ದಾಗ ಎರಡನೆಯದು ಅದರ ಹಿಂದೆಯೇ ಬಂದು ನಿಂತಿತು. ದಡದಲ್ಲಿ ಜಂಗಲ್ಲು ಹಚ್ಚುವ ಜಾಗ ಇದ್ದದ್ದು ಒಂದೇ. ಮೊದಲನೆಯದು ಬಿಟ್ಟು ಬರೋಣವೆಂದರೆ ಹಿಂದೆ ಎರಡನೆಯದು. ಎರಡನೆಯದು ದಡ ಮುಟ್ಟೋಣವೆಂದರೆ ಮುಂದೆ ಮೊದಲನೆಯದು. ಅಷ್ಟರಲ್ಲಿ ಕಡಲಿನ ಇಳಿತ ಶುರುವಾಗಿ, ಹೊಳೆಯ ನೀರು ತಗ್ಗಿ ಎರಡೂ ಮರಳಿನ ಮೇಲೆ ಕೂತವು.

ಈಚೆಯಿಂದ ಅತ್ತೆ ಸೊಂಟಕ್ಕೆ ಕೈಕೊಟ್ಟು ಕೂಗಿದರು: "ಹ್ವಾಯ್, ಮೊದ್ಲ್ ಗಾಡಿ ಸಾಲ್ ಬರೀ ದಡದಗೆ ಇದ್ದಿತ್ತ್. ಈಗ ನೀರಗೂ ಮಾಡಿಟ್ರಿಯಾ?"

೨. ಕೆಂಪು ಬಟ್ಟೆ

ಎಲ್ಲರೂ "ನಮ್ದ್ ಅರ್ಜಂಟ್, ನಮ್ದ್ ಅರ್ಜಂಟ್" ಅನ್ನುವುದು ಕೇಳಿ ಮಾವನ ಕಿವಿ ತೂತು ಬಿದ್ದಿತ್ತು. ನಿಜವಾಗಿ ಅರ್ಜಂಟು ಇದ್ದವರು ನೊಗಕ್ಕೆ ಕೆಂಪು ಬಟ್ಟೆ ಕಟ್ಟಿಕೊಂಡು ಬನ್ನಿ, ಅವರನ್ನು ಮೊದಲು ದಾಟಿಸುತ್ತೇನೆ ಅಂತ ಕಟ್ಟಳೆ ಮಾಡಿದರು.

ಮರುದಿನ ಬೆಳಿಗ್ಗೆ ನೋಡಬೇಕು! ಕಣ್ಣು ಹೋದಲ್ಲಿವರೆಗೆ ಕೆಂಪೇ ಕೆಂಪು. ಸೀರೆಯ ಸೆರಗು, ಹರಿದ ರವಿಕೆ, ಒಬ್ಬನದಂತೂ ಯಾರದೋ ಮಗುವಿನ ಕುಲಾವಿ. "ಇದೆಂತದಾ, ಸೌದೆ ಗಾಡಿಗೂ ಅರ್ಜಂಟಾ?" ಅಂತ ಮಾವ ಒಬ್ಬನನ್ನು ಹಿಡಿದರು. "ಅಯ್ಯಾ, ನಿಧಾನದ ಗಾಡಿಯೆಲ್ಲ ಯಾವಾಗ್ ದಾಟ್ತೊ ಯಾರಿಗ್ ಗೊತ್ತಿತ್ತ್? ಅದ್ಕೇ ಕಟ್ಟಿದೆ" ಅಂದ ಅವ.

ಸಾಲಿನ ಕಟ್ಟಕಡೆಯಲ್ಲಿ ಬಟ್ಟೆಯೇ ಕಟ್ಟದ ಒಂದು ಗಾಡಿ ಇತ್ತು. ಅದನ್ನು ಹೊಡೆದುಕೊಂಡು ಬಂದ ಮುದುಕನಿಗೆ ಕಟ್ಟಳೆಯ ಸುದ್ದಿಯೇ ಮುಟ್ಟಿರಲಿಲ್ಲ. ಮಾವ ಅವನನ್ನೇ ಕರೆದು ಎಲ್ಲರಿಗಿಂತ ಮೊದಲು ದಾಟಿಸಿದರು. ಜಗಳ ಆಗದಾ? ಆಯಿತು. ಮಾವ ಅಂದರು: "ಉಳಿದವ್ರೆಲ್ಲ ಒಂದೇ ನಮೂನಿ ಕಾಂತ್ರಿ ಮಾರ್ರೆ. ನಂಗೆ ಗುರ್ತ ಸಿಕ್ಕದ್ ಇವ್ನ್ ಒಬ್ಬನ್ದೇ."

೩. ರೈಲು ನೋಡಲು ಹೋದದ್ದು

ಕೊಬ್ಬರಿ ಸಾಹುಕಾರರಿಗೆ ಸಿಟ್ಟು ನೆತ್ತಿಗೇರಿತು. "ಬನ್ನಿ ನನ್ನೊಟ್ಟಿಗೆ. ಮಂಗ್ಳೂರಗೆ ರೈಲಿನವ್ರ್ ಹ್ಯಾಂಗ್ ಕೆಲ್ಸ ಮಾಡ್ತ್ರ್ ಅಂದೇಳಿ ಒಂದ್ಸಲ ಕಾಣಿ, ಬುದ್ಧಿ ಬತ್ತ್" ಅಂದರು. ಮಾವ ಹೊರಟರು, ನನ್ನ ಯಜಮಾನರೂ ಹೊರಟರು. ನಾನು ರೈಲು ಕಂಡವಳೇ ಅಲ್ಲ ಅಂತ ಹಟ ಹಿಡಿದು ಹಿಂದೆ ಹೋದೆ.

ಗೂಡ್ಸ್ ಶೆಡ್ಡಿನ ಹತ್ತಿರ ಹೋದರೆ ಎಂತ ಕಾಣುವುದು? ಗಾಡಿಗಳು ನಿಂತಿವೆ. ವ್ಯಾಗನ್ನುಗಳು ನಿಂತಿವೆ. ಇಂಜಿನ್ನು ಒಂದು ಬದಿಗೆ ನಿಂತು ಸುಮ್ಮನೆ ಹೊಗೆ ಬಿಡುತ್ತಿದೆ. ಕರಿ ಕೋಟಿನವರೊಬ್ಬರು ಬೆವರು ಒರೆಸುತ್ತ ಓಡಾಡುತ್ತಿದ್ದರು. ಮಾವ ಮೆಲ್ಲಗೆ ವಿಚಾರಿಸಿದರು.

"ಈ ಗಾಡಿ ಸಾಮಾನ್ ಎಂತಕ್ ಇಳ್ಸುದಿಲ್ಲೆ?"

"ಶೆಡ್ಡಿನಲ್ಲಿ ಜಾಗ ಇಲ್ಲ."

"ಜಾಗ ಯಾವಾಗ ಆತ್ತ್?"

"ಖಾಲಿ ವ್ಯಾಗನ್ ಬಂದರೆ ತುಂಬಿಸಿ ಕಳಿಸುವುದು."

"ಎದ್ರಿಗೇ ಅಷ್ಟ್ ವ್ಯಾಗನ್ ಇತ್ತಲೆ!"

"ಅದೆಲ್ಲ ತುಂಬಿ ಬಂದದ್ದು ಮಾರಾಯರೇ. ಇಳಿಸಿದರೆ ಖಾಲಿಯಾಗುತ್ತದೆ. ಇಳಿಸುವುದೆಲ್ಲಿ? ಶೆಡ್ಡಿನಲ್ಲಿ ಜಾಗ ಬೇಡವಾ?"

ಮಾವನ ಮುಖ ಅರಳಿತು. "ಸಾಹುಕಾರ್ರೆ, ಇದ್ ನಮ್ಮ ಕಡವೇ ಅಲ್ದಾ! ನೀರೊಂದ್ ಇಲ್ಲೆ!"

ಹೊರಡುವಾಗ ಹಳಿಯ ಬದಿಯಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಿಂತದ್ದು ಕಾಣಿಸಿತು. ಮಾವ ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟು, ತುಂಬಾ ಮರುಕದಿಂದ ಅಂದರು: "ಅದನ್ನ್ ಬಿಸಾಡ್ ಮಾರಾಯಾ. ನಾನೂ ಮಾಡಿ ಕಂಡಿದೆ. ಸುಖ ಇಲ್ಲೆ."

೪. ಸಾಹೇಬರು ಬಂದ ದಿನ

ಏಲಮ್ಮು ಹತ್ತಿರ ಬಂತು. ಕೊಬ್ಬರಿ ಸಾಹುಕಾರರು ತಾಲೂಕಿಗೆ ದೂರು ಬರೆದಿದ್ದರು, ಅಲ್ಲಿನ ಸಾಹೇಬರು ಕಡವು ನೋಡಲು ಬ್ರಹ್ಮಾವರದ ಕಡೆಯಿಂದ ಬರುತ್ತಾರೆಂದು ಸುದ್ದಿ. ಜೊತೆಗೆ ಆ ಅಕ್ಕಿಮಿಲ್ಲಿನ ಧಣಿ. ಧಣಿ ಕಡವಿನ ವಿಷಯ ಕೇಳಿದ್ದೇ ಹೊರತು ಕಣ್ಣಿನಲ್ಲಿ ಕಂಡವರಲ್ಲ. ಮಾವ ಅನ್ನ ಮುಟ್ಟಲಿಲ್ಲ. ನಾನು ದೇವರ ಮುಂದಿನಿಂದ ಏಳಲಿಲ್ಲ.

ಬಿಸಿಲೇರಿತು, ಸಾಹೇಬರು ಬಂದರು, ಜಂಗಲ್ಲು ಹತ್ತಿ ನಮ್ಮ ದಡಕ್ಕೂ ದಾಟಿದರು. ನೋಡಿದರೆ ಒಂದೇ ಒಂದು ಗಾಡಿ ಇಲ್ಲ! ದಡ ಗುಡಿಸಿಟ್ಟ ಅಂಗಳದ ಹಾಗೆ ಇದೆ. ಮಾವನಿಗೇ ನಂಬಿಕೆಯಾಗಲಿಲ್ಲ. ಕಣ್ಸನ್ನೆ ಮಾಡಿ ನನ್ನ ಯಜಮಾನರನ್ನು ದಾರಿ ನೋಡಿ ಬರಲು ಓಡಿಸಿದರು.

ತಿರುವಿನಾಚೆ ಗದ್ದೆಗಳ ನಡುವೆ ಒಂದೇ ಗಾಡಿ ಹೋಗುವಷ್ಟು ಅಗಲದ ಮಣ್ಣುಕಟ್ಟದ ಮೇಲಿನ ದಾರಿ. ಅದರ ಈ ತಲೆಗೂ ಆ ತಲೆಗೂ ಗಾಡಿ ಸರಿಸಿ ನಿಲ್ಲಿಸುವಷ್ಟು ಜಾಗ. ಕೆರಾಡಿಯಿಂದ ಬಿದಿರು ಹೇರಿಕೊಂಡು ಬಂದವರು ಒಬ್ಬರು, ಬೆಳಗಿನ ಜಾವ ಸಾಮಾನು ದಾಟಿಸಿ ಖಾಲಿ ಗಾಡಿಯಲ್ಲಿ ಹಟ್ಟಿಯಂಗಡಿಗೆ ವಾಪಸು ಹೊರಟವರು ಒಬ್ಬರು, ಎದುರುಬದುರಾಗಿದ್ದರು. ಜಗಳವಾಗಿದ್ದರೆ ಬೇಗ ಮುಗಿಯುತ್ತಿತ್ತು. ಇವರು ಆ ವರ್ಷವೇ ಬೀಗರಾದವರು!

"ನೀವ್ ಮೊದ್ಲ್ ಹೋಯ್ನಿ ಬೀಗ್ರೆ. ಹೆಣ್ಣ್ ಕೊಟ್ಟವ ನಾನ್, ನಿಮ್ಮನ್ನ ಹಿಂದ್ ಸರ್ಸುಕಾತ್ತಾ?" ಅಂತ ಕೆರಾಡಿಯವರು ಗಾಡಿ ಹಿಂದೆ ತೆಗೆದರು.

"ಛೆ ಛೆ! ಮನಿ ಬೆಳಗು ಹೆಣ್ಣ್ ಕೊಟ್ಟ ದೊಡ್ಡೋರ್ ನೀವ್. ನೀವೇ ಬನ್ನಿ" ಅಂತ ಹಟ್ಟಿಯಂಗಡಿಯವರೂ ಹಿಂದೆ ತೆಗೆದರು.

ನಡುವಿನ ದಾರಿ ಪೂರಾ ಖಾಲಿ. ಎರಡು ತುದಿಯಲ್ಲಿ ಇಬ್ಬರು ಕೈಮುಗಿದುಕೊಂಡು ನಿಂತಿದ್ದಾರೆ. ಕೆರಾಡಿಯವರ ಹಿಂದೆ ಬೈಂದೂರಿನವರೆಗೂ ಇದೆಯೋ ಅನ್ನುವ ಹಾಗೆ ಗಾಡಿಗಳು. ಆ ಬೀಗಿತ್ತಿಯ ಆರೋಗ್ಯ, ಈ ಬೀಗಿತ್ತಿಯ ಸೊಂಟನೋವು, ಎಲ್ಲ ದೂರದಿಂದಲೇ ಕೂಗಿ ವಿಚಾರಿಸಿಕೊಳ್ಳುವುದು ನಡೆದಿತ್ತು.

ನನ್ನ ಯಜಮಾನರು ಓಡಿ ಬಂದು ಮಾವನ ಕಿವಿಯಲ್ಲಿ ಹೇಳುವ ಹೊತ್ತಿಗೆ ಸಾಹೇಬರು, "ಗಾಡಿಗಳು ದಿನಗಟ್ಟಲೆ ನಿಲ್ಲುತ್ತವೆಂದು ದೂರು ಬಂದಿದೆಯಲ್ಲ, ಎಲ್ಲಿವೆ?" ಅಂತ ಕೇಳುತ್ತಿದ್ದರು.

"ನೀವೇ ಕಾಣಿ ಸಾಹೇಬ್ರೆ" ಅಂದರು ಮಾವ.

ಧಣಿಯ ಮುಖ ಸಣ್ಣದಾಯಿತು. "ಈ ಕಡವ್ ಹಿಡ್ದ್ರೆ ನೊಣ ಹೊಡ್ಕಂಡ್ ಕೂರ್ಕ್. ನಂಗ್ ಬ್ಯಾಡ ಮಾರ್ರೆ" ಅಂತ ಜಂಗಲ್ಲು ಹತ್ತಿಯೇಬಿಟ್ಟರು, ಹಿಂದೆಯೇ ಸಾಹೇಬರೂ.

"ಅಪ್ಪಯ್ಯ, ನಾ ಹೋಯಿ ಆ ಬೀಗ್ರನ್ನ ಬಿಡ್ಸ್ತೆ" ಅಂದರು ನನ್ನ ಯಜಮಾನರು. ಮಾವ ಅವರ ರಟ್ಟೆ ಹಿಡಿದು ಪಿಸುಗುಟ್ಟಿದರು: "ಗಡಿಬಿಡಿ ಎಂತಕೆ? ನೆಂಟ್ರ್ ಮಾತಾಡ್ಲಿ. ಇವ್ರ್ ಆಚೆ ದಡ ಮುಟ್ಟಿ ಮನಿ ದಾರಿ ಹಿಡೀಲಿ."

ಹಾಗೇ ಆಯಿತು. ಆಮೇಲೆ ನನ್ನ ಯಜಮಾನರೇ ಹೋಗಿ ಎತ್ತಿನ ಹಗ್ಗ ಹಿಡಿದು ಹಟ್ಟಿಯಂಗಡಿಯವರ ಗಾಡಿ ದಾಟಿಸಿದರು. ನಮ್ಮ ಯಜಮಾನರು ಆ ಇಬ್ಬರಿಗೂ ನೆಂಟರಲ್ಲ ನೋಡಿ, ಯಾರ ಮರ್ಯಾದೆಗೂ ಧಕ್ಕೆಯಾಗಲಿಲ್ಲ. ಸಂಜೆ ನಮ್ಮ ಬಾವಿಕಟ್ಟೆಯಲ್ಲಿ ನನಗೇ ನಿಲ್ಲಲು ಜಾಗವಿರಲಿಲ್ಲ, ಆದರೂ ಬಂದ ಎತ್ತುಗಳಿಗೆಲ್ಲ ನಾನೇ ನೀರು ಸೇದಿ ಕೊಟ್ಟೆ.

ಆಮೇಲೆ ಎಂತಾಯಿತು ಅಂತೀರಾ? ಏಲಮ್ಮಿನಲ್ಲಿ ಬೇರೆ ಯಾರೂ ಕೂಗಲಿಲ್ಲ. ಮಾವ ಕಡವಿನಲ್ಲೇ ಮುದುಕರಾದರು. ನನ್ನ ಯಜಮಾನರು ಬೊಂಬಾಯಿ ಕಾಣದೆ, ನನ್ನ ಕಣ್ಣೆದುರೇ ಮುದುಕರಾದರು. ಸಾಹೇಬರು ಬೇರೆ ಊರಿಗೆ ವರ್ಗವಾಗಿ ಹೋದರು. ಮಿಲ್ಲಿನ ಧಣಿ ಕೊಬ್ಬರಿ ಸಾಹುಕಾರರ ಮಾತು ಕೇಳುವುದನ್ನೇ ಬಿಟ್ಟರು. ಸಾಹುಕಾರರು ರೈಲಿನ ಸಹವಾಸ ಬೇಡವೆಂದು ಊರಲ್ಲೇ ಗಾಣ ಹಾಕಿಸಿ ಎಣ್ಣೆ ಮಾರಿ ದಪ್ಪಗಾದರು. ಬೀಗರಿಬ್ಬರಿಗೂ ಮೊಮ್ಮಗ ಹುಟ್ಟಿದ. ನಾಮಕರಣದ ದಿನ ನಾವೂ ಹೋಗಿದ್ದೆವು. ಮಗುವಿನ ಕಿವಿಯಲ್ಲಿ ಹೆಸರು ಯಾರು ಮೊದಲು ಹೇಳುವುದು ಅಂತ ಇಬ್ಬರೂ "ನೀವೇ, ನೀವೇ" ಅನ್ನುತ್ತ ತೊಟ್ಟಿಲಿನಿಂದ ಹಿಂದೆ ಹಿಂದೆ ಸರಿದು, ಒಬ್ಬರು ಜಗಲಿಗೂ ಇನ್ನೊಬ್ಬರು ಅಡುಗೆಮನೆಗೂ ಮುಟ್ಟಿದರು. ಮಗುವಿಗೆ ಹಸಿವಾಗಿ ಕಿರುಚಿಕೊಂಡಾಗ ಅದರ ತಾಯಿ ತಾನೇ ಹೆಸರು ಹೇಳಿ ಎತ್ತಿಕೊಂಡಳು.