ಎಮ್ಮೆಲ್ಲೆಯ ಹೂಂಗಳೂ ನನ್ನ ಸ್ಟೋರಿನ ಬಾಗಿಲೂ

‘ಇಲ್ಲ’ ಎನ್ನಲು ಬಾರದ ಗಂಡಸನ್ನು ನಾನು ನಂಬುವುದಿಲ್ಲ. ಇದು ಪುಸ್ತಕ ಓದಿ ಕಲಿತದ್ದಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು ನಾನು. ಅಂಥ ಒಬ್ಬರ ಜೊತೆ ನಲವತ್ತು ವರ್ಷ ಸಂಸಾರ ಮಾಡಿ ಕಲಿತದ್ದು. ನಮ್ಮ ಯಜಮಾನರು ಯಾರು ಏನು ಕೇಳಿದರೂ ‘ಹೂಂ’ ಎನ್ನುತ್ತಿದ್ದರು. ಒಂದೇ ಕಡಸನ್ನು ಒಂದೇ ವಾರದಲ್ಲಿ ಇಬ್ಬರಿಗೆ ಕೊಡುತ್ತೇನೆಂದು ಒಪ್ಪಿ, ಇಬ್ಬರೂ ಹಗ್ಗ ಹಿಡಿದು ಬಾಗಿಲಿಗೆ ಬಂದ ದಿನ ತಾವು ಹಿತ್ತಿಲಿನಿಂದ ಇಳಿದು ಸಕಲೇಶಪುರದ ಬಸ್ಸು ಹತ್ತಿದ್ದರು. ಬಂದವರಿಗೆ ಕಾಫಿ ಕೊಟ್ಟು, ಅವರಿಂದ ಬೈಸಿಕೊಂಡು, ಕಡಸನ್ನು ಉಳಿಸಿಕೊಂಡವಳು ನಾನು. ಕೊನೆಗಾಲಕ್ಕೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರು ‘ನೋವಿದೆಯಾ?’ ಎಂದು ಕೇಳಿದರೆ ‘ಇಲ್ಲ’ ಎಂದರು. ಇಡೀ ಜೀವಮಾನದಲ್ಲಿ ಅವರ ಬಾಯಿಂದ ನಾನು ಕೇಳಿದ ಒಂದೇ ‘ಇಲ್ಲ’ ಅದು. ಅದೂ ಸುಳ್ಳು.

ಅವರು ಹೋದ ಮೇಲೆ ಈ ಹೂಂಗಳ ಕಾಟ ತಪ್ಪಿತು ಎಂದುಕೊಂಡಿದ್ದೆ. ಆದರೆ ಊರಿಗೊಬ್ಬ ಎಮ್ಮೆಲ್ಲೆ ಇರುತ್ತಾನಲ್ಲ. ನಮ್ಮ ಎಮ್ಮೆಲ್ಲೆ ಕೆಟ್ಟವರೇನಲ್ಲ. ಯಾರ ಮನೆ ತಿಥಿಗಾದರೂ ಬರುತ್ತಾರೆ, ಎಲೆಯ ಮುಂದೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ, ಸತ್ತವರ ಹೆಸರನ್ನು ಹೆಚ್ಚು ಕಡಿಮೆ ಸರಿಯಾಗಿಯೇ ಹೇಳುತ್ತಾರೆ. ಆನೆ ಬಂದು ಗದ್ದೆ ತುಳಿದಾಗ ಹೆತ್ತೂರು ಕಡೆಯ ಸಭೆಯಲ್ಲಿ ‘ಒಂದಾನೆನೂ ಬಿಡ್ದಂಗೆ ಹಿಡಿಸ್ತೀನಿ’ ಎಂದರು. ವಾರ ಕಳೆಯುವುದರೊಳಗೆ ಕಾಡು ಉಳಿಸುವವರ ಸಭೆಯೊಂದರಲ್ಲಿ ಶಾಲು ಹೊದಿಸಿಕೊಂಡು ‘ಆನೆ ನಮ್ಮ ಮಲೆನಾಡಿನ ಹೆಮ್ಮೆ’ ಎಂದರು. ಇಲ್ಲಿ ನಿಂತಾಗ ‘ನಮ್ಮ ಹೊಳೆ ನೀರು ಒಂದು ಚೊಂಬೂ ಆಚೆ ಹೋಗಬಾರದು’ ಎಂದರು. ಬಯಲುಸೀಮೆಯ ಬೀಗರ ಮನೆ ಮದುವೆಯಲ್ಲಿ ‘ನೀರೇನು ಒಬ್ಬರ ಸ್ವತ್ತೇ?’ ಎಂದರಂತೆ. ಆನೆಯೇ ವಾಸಿ. ಬೇಲಿ ಮುರಿದ ಮೇಲೆ ಮುರಿದದ್ದು ನಾನೇ ಎಂದು ಅಲ್ಲೇ ಲದ್ದಿ ಹಾಕಿ ಹೋಗುತ್ತದೆ.

ಈ ಮಾತುಗಳನ್ನೆಲ್ಲ ನೆನಪಿಡುವುದು ನನ್ನ ವಯಸ್ಸಿಗೆ ಕಷ್ಟ. ಅದಕ್ಕೇ ಕಾಫಿ ಚೀಲ ಇಡುವ ಸ್ಟೋರಿನ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗುರುತು ಹಾಕತೊಡಗಿದೆ. ಎಮ್ಮೆಲ್ಲೆ ಯಾವುದಕ್ಕಾದರೂ ಹೂಂ ಎಂದರೆ ಒಂದು ಗೆರೆ, ಇಲ್ಲ ಎಂದರೆ ಒಂದು ಸೊನ್ನೆ. ಪೇಪರಿನಲ್ಲಿ ಬಂದದ್ದನ್ನು ಮೊಮ್ಮಗಳು ಕಾವ್ಯ ಓದಿ ಹೇಳುತ್ತಿದ್ದಳು, ಜೀಪಿನಲ್ಲಿ ಹಾನುಬಾಳಿಗೆ ಹೋಗಿ ಬರುವವರು ಮಿಕ್ಕಿದ್ದನ್ನು ಹೇಳುತ್ತಿದ್ದರು. ಎರಡು ಮಳೆಗಾಲ ಕಳೆಯುವುದರಲ್ಲಿ ಬಾಗಿಲ ತುಂಬ ಗೆರೆಗಳು. ಒಂದು ಸೊನ್ನೆಯೂ ಇಲ್ಲ. ದೂರದಿಂದ ನೋಡಿದರೆ ಯಾರೋ ಬಾಚಣಿಗೆಯ ಚಿತ್ರ ಬರೆದಂತೆ ಕಾಣುತ್ತಿತ್ತು.

ನನಗೆ ಇವರ ಆನೆಯೂ ಬೇಡ, ಹೊಳೆಯೂ ಬೇಡ. ಬೇಕಾಗಿದ್ದದ್ದು ಒಂದೇ ವಿಷಯ, ಗೋಮಾಳ. ನಮ್ಮೂರ ದನಗಳಿಗೆ ಮೇಯಲು ಇರುವುದು ಅದೊಂದೇ ಗುಡ್ಡ. ಅದರ ಮೇಲಿನ ಮಗ್ಗುಲಿಗೆ ಎಸ್ಟೇಟಿನ ಗೌಡರ ಕಾಫಿ ತೋಟ. ನಮ್ಮ ಕಡೆ ಬೇಲಿಗೆ ಕಾಲಿದೆ ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಬೇಲಿ ರಿಪೇರಿ ಮಾಡಬೇಕು. ಹಳೆಯ ಗೂಟ ಕಿತ್ತು ಹಾಲುವಾಣದ ಹೊಸ ಗೂಟ ನೆಡುವಾಗ ಯಾರೂ ಹಳೇ ಗುಂಡಿಯಲ್ಲೇ ನೆಡುವುದಿಲ್ಲ, ಒಂದು ಹೆಜ್ಜೆ ಆಚೆಗೆ ನೆಡುತ್ತಾರೆ. ಹಾಲುವಾಣ ಮಳೆ ಬಿದ್ದೊಡನೆ ಚಿಗುರುತ್ತದೆ. ಬೇರು ಬಿಟ್ಟ ಮೇಲೆ ಅದು ಹೋದ ವರ್ಷದಿಂದ ಅಲ್ಲೇ ಇತ್ತೋ ಈ ವರ್ಷ ನಡೆದು ಬಂತೋ ಎಂದು ಹೇಳಲು ದೇವರಿಂದಲೂ ಆಗದು. ಗೌಡರ ಬೇಲಿ ಹಾಗೆ ನಡೆಯುತ್ತ ನಡೆಯುತ್ತ ಗುಡ್ಡದ ನೆತ್ತಿ ದಾಟಿ ಈಚೆಗಿನ ನೀರಿನ ಹೊಂಡದವರೆಗೆ ಬಂದುಬಿಟ್ಟಿತ್ತು. ಹೋದ ವರ್ಷ ಗೂಟಕ್ಕೆ ಮುಳ್ಳುತಂತಿಯನ್ನೂ ಬಿಗಿಸಿದರು, ಒಳ್ಳೆಯ ಹುಲ್ಲೆಲ್ಲ ತಂತಿಯ ಆಚೆಗೇ ಉಳಿಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಇಲ್ಲಿ ಬೇಲಿ ಎದ್ದು ಹಸುವಿನ ಹುಲ್ಲನ್ನೇ ಮೇಯಿತು.

ನನಗಿರುವುದು ಕೆಂದಿ ಎಂಬ ಒಂದು ಹಸು. ಗೋಮಾಳ ಹೋದರೆ ಅದನ್ನು ಮಾರಬೇಕು. ಹಸು ಮಾರಿ ಅಳುತ್ತ ಕೂರುವವಳಲ್ಲ ನಾನು. ಆದರೆ ಬೆಳಿಗ್ಗೆ ಎದ್ದು ಹಾಲಿಲ್ಲದ ಕಾಫಿ ಕುಡಿಯುವವಳೂ ಅಲ್ಲ. ಅಷ್ಟರಲ್ಲಿ ವಿಧಾನಸೌಧದಲ್ಲಿ ಹೊಸ ಮಸೂದೆ ಬಂತು ಎಂದು ಸುದ್ದಿ: ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ ಆ ಜಾಗವನ್ನೇ ವರ್ಷಗಟ್ಟಲೆ ಗುತ್ತಿಗೆಗೆ ಕೊಡುವುದಂತೆ. ಎಂದರೆ ಗೌಡರ ಬೇಲಿ ಇಷ್ಟು ದೂರ ನಡೆದು ಬಂದು ಸುಸ್ತಾಗಿದೆ, ಕೂರಲು ಕುರ್ಚಿ ಕೊಡಿ ಎಂದ ಹಾಗೆ. ಎಮ್ಮೆಲ್ಲೆ ಗೌಡರ ಬಂಗಲೆಯಲ್ಲಿ ಕೋಳಿ ಸಾರು ಉಂಡು ‘ನಿಮ್ಮ ಪರ ನಾನಿದ್ದೀನಿ’ ಎಂದರು. ನಮ್ಮ ಜಗಲಿಗೆ ಬಂದು ಕಾಫಿ ಕುಡಿದು, ‘ಗೋಮಾಳ ಮುಟ್ಟಕ್ಕೆ ಬಿಡಲ್ಲ ಕಣಮ್ಮ’ ಎಂದರು. ಬಾಗಿಲ ಮೇಲೆ ಎರಡು ಗೆರೆ.

ಆಗಲೇ ಕಾವ್ಯಳ ಕಾಲೇಜಿನಲ್ಲಿ ಮೇಷ್ಟರು ಒಂದು ಕೆಲಸ ಕೊಟ್ಟರು. ಜಗಳ ಹುಟ್ಟಿಸಿದ ಮಸೂದೆಗಳಿಗೆ ನಿಮ್ಮ ಶಾಸಕರು ಹೌದು ಎಂದರೋ ಇಲ್ಲ ಎಂದರೋ ಪಟ್ಟಿ ಮಾಡಿ ತನ್ನಿ ಎಂದು. ಹುಡುಗಿ ಎರಡು ದಿನ ಮೊಬೈಲು ತಿಕ್ಕಿದಳು. ಮೂರನೇ ದಿನ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತಳು.

‘ಅಜ್ಜಿ, ಮಸೂದೆ ಪಾಸಾಗ್ಬುಟ್ಟೈತೆ. ಆದ್ರೆ ಯಾರು ಏನಂದ್ರು ಅಂತ ಎಲ್ಲೂ ಇಲ್ಲ.’

‘ಇಲ್ಲ ಅಂದ್ರೆ? ಬರ್ಕೊಳಕ್ಕೆ ಅಲ್ಲಿ ರೈಟರ್ ಇಲ್ವಾ?’

‘ಬರ್ಕೊಳಾದು ಬರ್ಕೊತಾರೆ. ಇದು ಧ್ವನಿಮತ ಅಂತೆ. ಸಭಾಧ್ಯಕ್ಷರು ಕೇಳ್ತಾರೆ, ಒಪ್ಪೋರೆಲ್ಲ ಹೌದು ಅನ್ನಿ ಅಂತ. ಎಲ್ರೂ ಕೂಗ್ತಾರೆ. ಒಪ್ಪದವ್ರು ಇಲ್ಲ ಅನ್ನಿ ಅಂತಾರೆ. ಅವ್ರೂ ಕೂಗ್ತಾರೆ. ಯಾವ್ದು ಜಾಸ್ತಿ ಕೇಳ್ತೋ ಅದು ಪಾಸು. ಒಬ್ಬೊಬ್ಬರ ಹೆಸರು ಬರೆಯಲ್ಲ.’

‘ಅಂದ್ರೆ ನಮ್ ಎಮ್ಮೆಲ್ಲೆ ಅಲ್ಲಿ ಕೂತು ಆಕಳಿಸಿದ್ರೂ ಲೆಕ್ಕಕ್ಕೆ ಬಂತು ಅನ್ನು.’

‘ಆಕಳಿಸಿದ್ರೆ ಯಾವ ಕಡೆಗೆ ಅಂತ ಗೊತ್ತಾಗಲ್ವಲ್ಲ ಅಜ್ಜಿ’ ಎಂದಳು.

ಒಲೆ ಮೇಲಿದ್ದ ರೊಟ್ಟಿ ಮಗುಚುವುದನ್ನು ಮರೆತೆ. ನಮ್ಮ ಮನೆಯಲ್ಲೂ ನಾಳೆಗೆ ಕಡುಬೋ ರೊಟ್ಟಿಯೋ ಎಂದು ಕೇಳಿದರೆ ಹೀಗೇ ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ನಾನು ನನಗೆ ಬೇಕಾದ್ದನ್ನು ಮಾಡುತ್ತೇನೆ. ಆದರೆ ಅದು ಹೊಟ್ಟೆಯ ವಿಷಯ, ಸಂಜೆಗೆ ಮುಗಿಯುತ್ತದೆ. ದೇಶ ಆಳುವುದಕ್ಕೂ ನನ್ನ ಅಡುಗೆಮನೆಯ ಪದ್ಧತಿಯೇ ಆದರೆ ಅಷ್ಟು ದೊಡ್ಡ ಕಟ್ಟಡ ಯಾಕೆ ಬೇಕಿತ್ತು? ಕರಕಲಾದ ರೊಟ್ಟಿಯನ್ನು ಕೆಂದಿಯ ಕಲಗಚ್ಚಿಗೆ ಹಾಕಿ, ‘ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಡು. ನಾನೇ ಕೇಳಿ ತುಂಬಿಸ್ತೀನಿ’ ಎಂದೆ.

ಕೇಳುವ ದಿನವೂ ಬಂತು. ನಮ್ಮೂರ ರಸ್ತೆಗೆ ಸಿಮೆಂಟು ಹಾಕಲು ಗುದ್ದಲಿ ಪೂಜೆ. ಶಾಮಿಯಾನ, ಮೈಕು, ಕುಂಕುಮ ಹಚ್ಚಿದ ಹೊಸ ಗುದ್ದಲಿ. ನಾಲ್ಕು ಮಾರು ರಸ್ತೆಗೆ ಹತ್ತು ಮಾರು ಹೂವಿನ ಹಾರ. ಎಮ್ಮೆಲ್ಲೆಯ ಪಕ್ಕದ ಕುರ್ಚಿಯಲ್ಲಿ ಎಸ್ಟೇಟಿನ ಗೌಡರು. ಊರಿನವರೆಲ್ಲ ಸೇರಿದ್ದರು. ತೆಂಗಿನಕಾಯಿ ಒಡೆದು ಇನ್ನೇನು ಗುದ್ದಲಿ ಎತ್ತಬೇಕು, ನಾನು ಹೋಗಿ ಮೈಕಿನ ಮುಂದೆ ನಿಂತೆ. ಮೈಕಿನವನು ತಡೆಯಲು ಬಂದ. ನಾನು ನೋಡಿದ ನೋಟಕ್ಕೆ ಹಿಂದೆ ಸರಿದ.

‘ಸಾಹೇಬ್ರೆ, ಒಂದೇ ಮಾತು. ಆ ಗುತ್ತಿಗೆ ಮಸೂದೆಗೆ ನೀವು ಹೌದು ಅಂದ್ರಾ, ಇಲ್ಲ ಅಂದ್ರಾ?’

ಎಮ್ಮೆಲ್ಲೆ ನಕ್ಕರು. ‘ಅಮ್ಮಾ, ರೈತರ ಹಿತ ಅಂದ್ರೆ ನನ್ ಉಸಿರು. ಸಣ್ಣ ರೈತರು, ದೊಡ್ಡ ರೈತರು ಅಂತ ಭೇದ ಮಾಡ್ದೆ…’

‘ಉಸಿರು ಇರ್ಲಿ, ಮಾತು ಬೇಕು. ಹೌದಾ, ಇಲ್ವಾ?’

ಹಿಂದಿನಿಂದ ಜಯಮ್ಮ ‘ಹಂಗೆ ಕೇಳಕ್ಕಾ!’ ಎಂದು ಕೂಗಿದಳು. ಅವಳದೂ ಒಂದು ಹಸು, ನಮ್ಮ ಕೆಂದಿಯ ಜೊತೆಗೇ ಮೇಯಲು ಹೋಗುವುದು. ಗೌಡರು ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಒಂದು ಗಳಿಗೆ ನನಗೇ ನಾನು ದೊಡ್ಡ ಮನುಷ್ಯಳು ಅನ್ನಿಸಿಬಿಟ್ಟಿತು. ಕಾವ್ಯ ಮೊಬೈಲು ಹಿಡಿದು ಚಿತ್ರ ತೆಗೆಯುತ್ತಿದ್ದಳು.

ಎಮ್ಮೆಲ್ಲೆ ಎದ್ದು ನಿಂತು ಮೈಕನ್ನು ಮೆತ್ತಗೆ ತಮ್ಮ ಕಡೆಗೆ ಎಳೆದುಕೊಂಡರು.

‘ಆಗ್ಲಿ ಕಣಮ್ಮ. ನೀವು ಹೇಳ್ದಂಗೇ ಆಗ್ಲಿ. ಆ ಮಸೂದೆ ಕತೆ ಬಿಡಿ, ನಾಳೆನೇ ಸರ್ವೆಯವ್ರನ್ನ ಕಳಿಸ್ತೀನಿ. ಗೋಮಾಳದ ಸುತ್ತ ಇರೋ ಅಷ್ಟೂ ಬೇಲಿನ ಅಳತೆ ಮಾಡಿಸ್ತೀನಿ. ಗೌಡ್ರ ಕಡೇದೂ ಅಳತೆ ಆಗ್ಲಿ, ಕೆಳಗಡೆ ನಿಮ್ ಮೆಣಸಿನ ಬಳ್ಳಿ ಕಡೇದೂ ಅಳತೆ ಆಗ್ಲಿ. ಒತ್ತುವರಿ ಆಗಿದ್ದೆಲ್ಲ ಬಿಡಿಸಿಬುಡನ. ನೀವೇ ಹೇಳಿ, ಹೌದಾ, ಇಲ್ವಾ?’

ಇಲ್ಲಿ ನಾನು ನಿಮಗೆ ಹೇಳದೆ ಬಿಟ್ಟ ಒಂದು ವಿಷಯ ಹೇಳಬೇಕು. ಗೋಮಾಳಕ್ಕೆ ಮೇಲಿನ ಮಗ್ಗುಲು ಇರುವಂತೆ ಕೆಳಗಿನ ಮಗ್ಗುಲೂ ಇದೆ. ಅಲ್ಲಿ ನಮ್ಮ ತೋಟ ಇದೆ. ನಮ್ಮ ಬೇಲಿಯೂ ಹಾಲುವಾಣದ್ದೇ. ಅದಕ್ಕೂ ಕಾಲಿದೆ. ಯಜಮಾನರು ಇದ್ದಾಗ ವರ್ಷಕ್ಕೆ ಅರ್ಧ ಹೆಜ್ಜೆ ಇಡುತ್ತಿತ್ತು. ಅವರು ಹೋದ ಮೇಲೆ, ಸುಳ್ಳೇಕೆ, ನನ್ನ ಕೈಗೆ ಬಂದು ಒಂದು ಹೆಜ್ಜೆ ಇಡತೊಡಗಿತು. ಈಗ ಚೆನ್ನಾಗಿ ಹಬ್ಬಿರುವ ಮೆಣಸಿನ ಬಳ್ಳಿಗಳು ಇರುವುದು ಆ ನಡೆದು ಬಂದ ಜಾಗದಲ್ಲೇ. ಜಯಮ್ಮನ ಬೇಲಿ ನಮ್ಮದಕ್ಕೆ ಅಂಟಿಕೊಂಡೇ ಇದೆ. ಅದರಾಚೆಗಿನವರದೂ ಅಷ್ಟೇ. ಶಾಮಿಯಾನದ ಕೆಳಗೆ ನಿಂತಿದ್ದವರಲ್ಲಿ ಬೇಲಿ ನಿಂತಲ್ಲೇ ನಿಂತಿದೆ ಎಂದು ಹೇಳಬಹುದಾಗಿದ್ದವನು ಮೈಕಿನವನು ಒಬ್ಬನೇ. ಅವನು ಸಕಲೇಶಪುರದವನು.

ನಾನು ತಿರುಗಿ ಊರಿನವರನ್ನು ನೋಡಿದೆ. ಕೆಲವರು ಶಾಮಿಯಾನದ ಬಟ್ಟೆಯ ಬಣ್ಣ ನೋಡುತ್ತಿದ್ದರು, ಕೆಲವರು ತಮ್ಮ ಚಪ್ಪಲಿ. ‘ಹಂಗೆ ಕೇಳಕ್ಕಾ’ ಎಂದಿದ್ದ ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಮೈಕು ಗುಂಯ್ ಎನ್ನುತ್ತಿತ್ತು. ನಾನು ಕೆಮ್ಮಿದೆ. ಬೇಕೆಂದು ಕೆಮ್ಮಿದ್ದೋ ತಾನಾಗಿ ಬಂದದ್ದೋ, ಈಗ ಹೇಳಲಾರೆ. ನನ್ನ ಹಿಂದೆ ನಾಲ್ಕಾರು ಜನ ಕೆಮ್ಮಿದರು.

‘ಪಾಪ, ಅಜ್ಜಿಗೆ ಧೂಳು ಆಗಲ್ಲ, ಒಂದು ಕುರ್ಚಿ ಕೊಡ್ರಪ್ಪಾ’ ಎಂದು ಎಮ್ಮೆಲ್ಲೆ ಗುದ್ದಲಿ ಎತ್ತಿದರು. ಚಪ್ಪಾಳೆ ಬಿತ್ತು. ನನಗೆ ಕುರ್ಚಿ ಸಿಕ್ಕಿತು, ಗೌಡರ ಪಕ್ಕದಲ್ಲೇ. ಕೇಸರಿಬಾತಿನ ತಟ್ಟೆಯನ್ನು ಗೌಡರೇ ತಮ್ಮ ಕೈಯಾರೆ ಕೊಟ್ಟರು. ಚೆನ್ನಾಗಿಯೇ ಇತ್ತು.

ಸರ್ವೆಯವರು ಬರಲಿಲ್ಲ. ಮೂರನೇ ದಿನ ಗೌಡರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ಅಂಗಳದಲ್ಲಿ ನಿಂತು, ‘ಅಮ್ಮಾವ್ರೆ, ತಂತಿ ಬೇಲೀಲಿ ನಿಮ್ ಹಸ ನುಗ್ಗೋವಷ್ಟು ಒಂದು ದಾರಿ ಬಿಡ್ಸವ್ರೆ ಗೌಡ್ರು. ನಿಮ್ ಹಸ ಒಂದಕ್ಕೆ ಮಾತ್ರ ಕಣ್ರಮ್ಮಾ. ಊರಿಗೆಲ್ಲ ಹೇಳ್ಬ್ಯಾಡಿ’ ಎಂದ. ಬೇಡ ಎನ್ನಬೇಕಿತ್ತು. ಜಯಮ್ಮನ ಹಸು ಎಲ್ಲಿಗೆ ಹೋಗಬೇಕು ಎಂದಾದರೂ ಕೇಳಬೇಕಿತ್ತು. ಕೊಟ್ಟಿಗೆಯಲ್ಲಿ ಕೆಂದಿ ಖಾಲಿ ಗೊಂತಿಗೆ ಮೂತಿ ಉಜ್ಜುತ್ತಿತ್ತು. ರೈಟರ್‌ಗೆ ಕಾಫಿ ಕೊಟ್ಟು ಕಳಿಸಿದೆ. ಈಗ ದಿನಾ ಕೆಂದಿ ಆ ಕಂಡಿಯಲ್ಲಿ ನುಸುಳಿ ಹೊಟ್ಟೆ ತುಂಬ ಮೇಯ್ದು ಬರುತ್ತದೆ. ಜಯಮ್ಮ ತನ್ನ ಹಸುವಿಗೆ ಹುಲ್ಲು ಹೊತ್ತು ತರುವಾಗ ನಮ್ಮ ಮನೆ ಮುಂದೆ ಹಾದುಹೋಗುತ್ತಾಳೆ. ಆ ಹೊತ್ತಿಗೆ ನನಗೆ ಒಳಗೆ ಏನಾದರೂ ಕೆಲಸ ಬಿದ್ದಿರುತ್ತದೆ.

ಪಟ್ಟಿ ಒಪ್ಪಿಸುವ ಮುಂಚೆ ಕಾವ್ಯ ಕೇಳಿದಳು, ‘ಅಜ್ಜಿ, ಗುತ್ತಿಗೆ ಮಸೂದೆ ಮುಂದೆ ಏನಂತ ಬರೀಲಿ? ಹೌದಾ, ಇಲ್ವಾ?’ ‘ಧ್ವನಿಮತ ಅಂತ ಬರಿ’ ಎಂದೆ. ‘ಯಾರ್ದು, ಎಮ್ಮೆಲ್ಲೇದಾ, ನಿಂದಾ?’ ಎಂದಳು. ಈಗಿನ ಮಕ್ಕಳಿಗೆ ಓದು ಹೆಚ್ಚಾಯಿತು.

ಮೊನ್ನೆ ಮೋಡ ಕಟ್ಟಿತು. ಮಗ ಮಂಜ ಹಾಲುವಾಣದ ಗೂಟಗಳ ಹೊರೆಯನ್ನು ಅಂಗಳದಲ್ಲಿ ಇಳಿಸಿ, ಬೆವರು ಒರೆಸಿಕೊಳ್ಳುತ್ತ ಕೇಳಿದ: ‘ಅವ್ವಾ, ಈ ಸಲ ಗೂಟ ಎಲ್ ನೆಡ್ಲಿ? ಹಳೇ ಜಾಗಕ್ಕೆ ಹಿಂದಕ್ಕೆ ತರದಾ, ಇಲ್ಲ ಒಂದ್ ಹೆಜ್ಜೆ ಮುಂದಕ್ಕೆ ಹಾಕದಾ?’

‘ಹೂಂ’ ಎಂದೆ.

ಅವನು ಅರ್ಥವಾದವನಂತೆ ತಲೆ ಆಡಿಸಿ, ಹೊರೆ ಹೊತ್ತು ಹೋದ. ಒಳಗೆ ಬಂದು ನೋಡಿದರೆ ಕಾವ್ಯ ಒಲೆಯ ಮುಂದೆ ಬಗ್ಗಿ, ಬೂದಿ ಕೆದಕಿ ಇದ್ದಿಲು ಹುಡುಕುತ್ತಿದ್ದಳು. ಸ್ಟೋರಿನ ಬಾಗಿಲು ಆಗಲೇ ತೆರೆದಿತ್ತು.