ನೀರು ಕಳೆದ ತೂಕ

ಸೌಮ್ಯಾ, ಗಿರೀಶಾ, ನಿಮ್ಮ ಅಜ್ಜನಷ್ಟು ಪ್ರಾಮಾಣಿಕವಾದ ಮೂರ್ಖ ಈ ನೀಲಗಿರಿಯಲ್ಲಿ ಇನ್ನೊಬ್ಬ ಹುಟ್ಟಿಲ್ಲ! ಸತ್ತ ಗಂಡನ ಬಗ್ಗೆ ಹೀಗೆ ಬರೆಯಬಹುದೇ ಎಂದು ನಿಮ್ಮ ಅಮ್ಮ ಬಯ್ಯುತ್ತಾಳೆ. ಬಯ್ಯಲಿ. ಅವರಿದ್ದಾಗ ನಾನು ಎದುರಾಡಿದವಳಲ್ಲ. ಈಗ ಎದುರಾಡಿದರೆ ಉತ್ತರ ಕೊಡುವವರಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ನಮ್ಮ ತುಂಡು ಟೀ ತೋಟ ನಿಮಗೆ ಗೊತ್ತಲ್ಲ? ಕಿತ್ತ ಎಲೆಯನ್ನು ಹಟ್ಟಿಯ ಮೇಲಿನ ಶೆಡ್ಡಿಗೆ ಹೊತ್ತರೆ ಟೀ ಫ್ಯಾಕ್ಟರಿಯ ಏಜೆಂಟ್ ಕೊಕ್ಕೆ ತಕ್ಕಡಿಗೆ ಹಾಕಿ ತೂಗುತ್ತಾನೆ. ಮಳೆಯಲ್ಲಿ ನೆನೆದ ಎಲೆಯಾದರೆ ನೀರಿಗೆಂದು ಒಂದಿಷ್ಟು ತೂಕ ಕಳೆಯುತ್ತಾನೆ. ನಿಮ್ಮ ಅಜ್ಜ ಆಯುಷ್ಯವೆಲ್ಲ ಜಗಳವಾಡಿದ್ದು ಇದೊಂದಕ್ಕೇ!

"ತಂಬಿ, ಇದು ನೀರಲ್ಲ, ನನ್ನ ಬೆವರು. ಕಳೆಯಬೇಡ."

"ಅಣ್ಣಾ, ಬೆವರನ್ನೂ ಫ್ಯಾಕ್ಟರಿ ತಗೊಳ್ಳೋದಿಲ್ಲ."

ಒಂದು ವರ್ಷ ಆ ಶೆಡ್ಡಿನ ಏರು ಹತ್ತುವಾಗ ಅಜ್ಜ ಮೂರು ಕಡೆ ಕುಳಿತು ಏದುಸಿರು ಬಿಡಲು ಶುರುಮಾಡಿದರು. ಕಾಲು ಊದಿತು. "ವಯಸ್ಸಾದ ಮೇಲೆ ಮೈ ತುಂಬಿಕೊಂಡಿದೆ" ಎಂದು ಹಟ್ಟಿಯವರು ನನ್ನ ಅಡುಗೆಯನ್ನು ಹೊಗಳಿದರು. ನಾನು ಅಜ್ಜನನ್ನು ಎಳೆದುಕೊಂಡು ಊಟಿಯ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಎಕ್ಸರೇಯನ್ನು ಬೆಳಕಿಗೆ ಹಿಡಿದು, "ಹೃದಯ ಹಿಗ್ಗಿದೆ. ಇದು ಹಾರ್ಟ್ ಫೇಲ್ಯೂರ್" ಎಂದರು.

"ಏನಮ್ಮಾ, ಹಾರ್ಟ್ ಫೇಲ್ ಅಂದರೆ ಸತ್ತವರಿಗೆ ಹೇಳೋ ಮಾತಲ್ಲವಾ? ನಾನು ಇಲ್ಲೇ ಕೂತಿದ್ದೀನಲ್ಲ!"

ಡಾಕ್ಟರಮ್ಮ ನಗಲಿಲ್ಲ. ನಿಧಾನವಾಗಿ ತಿಳಿಸಿದರು. ಹೃದಯ ನಿಂತಿದೆ ಎಂದಲ್ಲ, ಅದು ಮಾಡುವ ಕೆಲಸ ಮೈಗೆ ಸಾಲುತ್ತಿಲ್ಲ. ಎಳೆದೆಳೆದು ಸಡಿಲವಾದ ರಬ್ಬರ್ ಚೀಲದ ಹಾಗೆ ಅದು ದೊಡ್ಡದಾಗಿದೆ, ರಕ್ತವನ್ನು ಪೂರಾ ತಳ್ಳಲಾರದು. ಅದಕ್ಕೇ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಉಪ್ಪು ಬಿಡಬೇಕು, ಮಾತ್ರೆ ತಪ್ಪಬಾರದು. ದಿನಾ ಬೆಳಿಗ್ಗೆ ತೂಕ ನೋಡಬೇಕು, ನರ್ಸ್ ಫೋನ್ ಮಾಡಿದಾಗ ಹೇಳಬೇಕು. ತೂಕ ದಿಢೀರನೆ ಏರಿತೋ, ಏರಿದ್ದು ನೀರು ಎಂದು ತಿಳಿದು ಕೂಡಲೇ ಬರಬೇಕು.

ಉಪ್ಪು ಬಿಟ್ಟರೇ? ನನ್ನ ಮನೆಯಲ್ಲಿ ಬಿಟ್ಟರು! ಸಪ್ಪೆ ಅವರೆ ಸಾರು ಉಂಡು, ಬಾಯಿ ಒರೆಸಿಕೊಂಡು, ತಮ್ಮ ಅಣ್ಣನ ಮನೆಗೆ ಹೋಗಿ ಇನ್ನೊಮ್ಮೆ ಉಣ್ಣುತ್ತಿದ್ದರು.

ತೂಕದ ಯಂತ್ರ ಕೊಳ್ಳೋಣ ಎಂದರೆ, "ಶೆಡ್ಡಿನ ತಕ್ಕಡಿ ಇರುವಾಗ ಯಾಕೆ?" ಎಂದರು. ದಿನಾ ಬೆಳಿಗ್ಗೆ ಎಲೆ ತುಂಬುವ ಬಲೆಚೀಲದೊಳಗೆ ಕೂರುವುದು, ಇಬ್ಬರು ಗಂಡಸರು ಎತ್ತಿ ಕೊಕ್ಕೆಗೆ ಹಾಕುವುದು! ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ನಾಚಿಕೆಯಿಂದ ಒಳಗೇ ಇರುತ್ತಿದ್ದೆ.

"ಅಣ್ಣಾ, ಇದು ಮುದಿ ಎಲೆ. ಫ್ಯಾಕ್ಟರಿಗೆ ಬೇಡ" ಎನ್ನುತ್ತಿದ್ದ ಏಜೆಂಟ್.

"ತೂಗೋ ತಂಬಿ, ಚಹಾ ನಾನೇ ಮಾಡಿಕೊಳ್ತೀನಿ."

ನರ್ಸ್ ಫೋನ್ ಮಾಡಿದಾಗಲೆಲ್ಲ ಅಜ್ಜ ಗಟ್ಟಿಯಾಗಿ, "ಅಷ್ಟೇ ಇದೆ, ಏರಿಲ್ಲಮ್ಮ" ಎನ್ನುತ್ತಿದ್ದರು. ನಾನು ದೇವರಿಗೆ ಕೈ ಮುಗಿಯುತ್ತಿದ್ದೆ. ಆದರೆ ಚಪ್ಪಲಿ ಕಾಲಿಗೆ ಹಿಡಿಸದಾಯಿತು. ಪಂಚೆಯ ಗಂಟು ಹೊಟ್ಟೆಗೆ ಒತ್ತಿತು. ಒಂದು ದಿನ ಸ್ನಾನದ ಮನೆಯಿಂದ ಒಲೆಯವರೆಗೆ ನಡೆದು ಬರುವಷ್ಟರಲ್ಲಿ ತುಟಿ ನೀಲಿಯಾಯಿತು. ಜೀಪು ಹಿಡಿದು ಊಟಿಗೆ ಓಡಿದೆವು.

ಆಸ್ಪತ್ರೆಯ ತಕ್ಕಡಿಯ ಮೇಲೆ ನಿಲ್ಲಿಸಿದರೆ ಮುಳ್ಳು ಎಲ್ಲಿಗೋ ಹೋಯಿತು! ಡಾಕ್ಟರಮ್ಮ ನರ್ಸ್ ಬರೆದಿಟ್ಟ ಲೆಕ್ಕ ತೆಗೆದು ನೋಡಿದರು. "ಏರಿಲ್ಲ ಅಂತ ಹೇಳುತ್ತಿದ್ದಿರಲ್ಲ?"

ಉಸಿರು ಎಳೆಯುತ್ತಲೇ ನಿಮ್ಮ ಅಜ್ಜ ವಿವರಿಸಿದರು, ಅದೂ ಹೆಮ್ಮೆಯಿಂದ. "ಏರಿದ್ದು ನೀರು ಅಂತ ನೀವೇ ಹೇಳಿದ್ರಲ್ಲಮ್ಮ. ನೀರು ಕಳೆದು ಹೇಳಿದೆ. ನೀರನ್ನು ತೂಕಕ್ಕೆ ಸೇರಿಸಿದರೆ ಮೋಸ ಆಗೋದಿಲ್ಲವಾ?"

"ಅಯ್ಯೋ ತಾತಾ, ಆ ನೀರಿನ ತೂಕವೇ ನನಗೆ ಬೇಕಾಗಿತ್ತು!"

ಏಜೆಂಟ್ ಒಂದು ಹಿಡಿ ಕಳೆದರೆ ಹಟ್ಟಿ ಹಾರುವಂತೆ ಕೂಗಿದವರು, ತಮ್ಮ ಮೈಯಿಂದ ತಾವೇ ಕಳೆದರು, ಯಾರೂ ಕೇಳದೆ! ಇಂಥ ಪ್ರಾಮಾಣಿಕತೆಗೆ ಬೆಂಕಿ ಹಾಕ. ಜೀವನದಲ್ಲಿ ಒಂದೇ ಒಂದು ಸಲ ಮೋಸಗಾರರಾಗಿದ್ದರೆ ಸಾಕಿತ್ತಲ್ಲ?

ಸೂಜಿ ಚುಚ್ಚಿ ನೀರು ಇಳಿಸಿದರು. ಕಾಲು ತೆಳ್ಳಗಾಯಿತು. ಆದರೆ ಅಷ್ಟು ದಿನ ಆ ಭಾರ ಎಳೆದ ಹೃದಯ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಅವರಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು. ಒರಗಿಸಿದ ದಿಂಬು ಜಾರುತ್ತಿತ್ತು. ಒಂದು ಬೆಳಿಗ್ಗೆ ನಾನು ಜಗಲಿಯ ಬಿಸಿಲಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಅವರು ಗೋಡೆ ಹಿಡಿದುಕೊಂಡು ಬಂದು, ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟರು. ಊಟಿಯ ಸಂತೆಯಲ್ಲೂ ನನಗಿಂತ ಹತ್ತು ಮಾರು ಮುಂದೆ ನಡೆದ ಮನುಷ್ಯ! ಎದುರು ಸಾಲಿನ ಮನೆಗಳವರೆಲ್ಲ ನೋಡುತ್ತಿದ್ದರು. ನಾಚಿಕೊಂಡು ಏಳಹೊರಟೆ.

"ಏಳಬೇಡ ಹೆಣ್ಣೇ. ನೀನು ಎದ್ದರೆ ನಾನು ಬೀಳ್ತೀನಿ."

ಏಳಲಿಲ್ಲ. ಒಳಗೆ ಅನ್ನ ಸೀದ ವಾಸನೆ ಬಂತು, ಆಗಲೂ ಏಳಲಿಲ್ಲ. ಅವರ ಒಂದೊಂದು ಉಸಿರೂ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಆ ವಾರವೇ ಹೋದರು.

ಇಂಥ ಹೃದಯ ಕೆಲವು ಮನೆತನಗಳಲ್ಲಿ ಮಕ್ಕಳಿಗೂ ಬರುತ್ತದಂತೆ, ಡಾಕ್ಟರಮ್ಮ ಹೇಳಿದ್ದಾರೆ. ನಿಮ್ಮ ಅಪ್ಪನ ಜೊತೆ ಹೋಗಿ ನೀವೂ ತೋರಿಸಿಕೊಳ್ಳಿ. ಈ ಹಾಳೆಗಳನ್ನು ಒಲೆ ಹಚ್ಚಲು ಹರಿಯಬೇಡಿ, ಜೋಪಾನವಾಗಿ ಇಡಿ. ಕಾಲು ಊದಿದ ದಿನ, ಸಣ್ಣ ಏರಿಗೂ ಉಸಿರು ಸಿಕ್ಕಿಕೊಂಡ ದಿನ ತೆಗೆದು ಓದಿ. ಓದಿ ಮುಗಿಯುವವರೆಗೂ ಕಾಯಬೇಡಿ ಮಕ್ಕಳೇ, ಮೊದಲು ಬಸ್ಸು ಹತ್ತಿ.