ಹೆಸರು ಹೇಳಬಾರದ ಎಲಿ

ಔಷಧಿ ಕೊಡೋ ಮನ್ಯಾಗ ಅಳೂದು, ನಗೂದು ಎರಡೂ ಒಂದ ಕಟ್ಟಿ ಮ್ಯಾಲ ಕುಂತಿರ್ತಾವ್ರಿ. ಒಂದು ಎದ್ದು ಹೋಗೂದ್ರಾಗ ಇನ್ನೊಂದು ಬಂದು ಕೂಡತೈತಿ. ನಮ್ಮದು ರೋಣದ ಕಡೆ ಸವಡಿ. ನಮ್ಮ ಮನಿಯವರು ಕಾಮಾಲಿಗೆ ಎಲಿ ಔಷಧಿ ಕೊಡ್ತಿದ್ರು. ಕಾಮಾಲಿ ಅಂದ್ರ ಕಣ್ಣು, ಉಗುರು ಹಳದಿ ಆಗೂ ಬ್ಯಾನಿ. ಆಯಿತವಾರ, ಗುರುವಾರ ಹೊತ್ತು ಮೂಡೂದ್ರಾಗ ಗಜೇಂದ್ರಗಡ, ನರಗುಂದದ ಮಂದಿ ಬಂದು ಅಂಗಳದಾಗ ಕುಂತಿರ್ತಿದ್ರು.

ಎಲಿ ಹೆಸರು ಮಾತ್ರ ಅವರು ಯಾರಿಗೂ ಹೇಳತಿರಲಿಲ್ಲ. ಅವರ ಮುತ್ತ್ಯಾ ಅವರಪ್ಪನ ಕಿವ್ಯಾಗ ಹೇಳಿದ್ದು, ಅಪ್ಪ ಇವರ ಕಿವ್ಯಾಗ ಹೇಳಿದ್ದು. ಬಾಯಿ ಬಿಟ್ರ ಕೈಗುಣ ಹೋಗತೈತಿ ಅಂತ ನಂಬಿದ್ರು. ನಲವತ್ತು ವರ್ಷ ಬಾಳೇ ಮಾಡಿದ ನನಗೂ ಹೇಳಿರಲಿಲ್ಲ. ಈಗ ಅವರಿಲ್ಲ. ಅಳಕೋತ ಕುಂತ್ರ ಈ ಮಾತು ನೆನಪಾಗಿ ನಗಿ ಬರತೈತಿ. ನಕ್ರ ಮತ್ತ ಸೆರಗು ತೊಯ್ಯತೈತಿ.

ಬೀಗರು ಮಾತು ಬಿಟ್ಟದ್ದು

ಔಷಧಿ ಕುಡದಾವ್ರು ‘ಹೋಗಿ ಬರ್ತೀನಿ’ ಅನಬಾರದು. ಅಂದ್ರ ಬ್ಯಾನಿನೂ ತಿರುಗಿ ಬರತೈತಂತ. ಸುಮ್ಮನ ಎದ್ದು ನಡೀಬೇಕು.

ಒಮ್ಮೆ ನರಗುಂದದ ನಮ್ಮ ಬೀಗರಿಗೆ, ಅಂದ್ರ ಸೊಸಿ ಅಪ್ಪಗ, ಕಾಮಾಲಿ ಆತು. ಬಂದ್ರು, ಕುಡದ್ರು, ಎದ್ರು. ಬಾಗಲದಾಗ ಸೊಸಿ ನಿಂತಿದ್ಲು. “ಅಪ್ಪಾ, ಗಂಜಿ ಮಾಡೇನಿ, ಉಂಡು ಹೋಗು” ಅಂದ್ಲು. ಅವರು ತುಟಿ ಬಿಗಿ ಹಿಡದು, ಕೈ ಅಲ್ಲಾಡಿಸಿ, ಬಸ್ ಸ್ಟ್ಯಾಂಡಿನ ದಾರಿ ಹಿಡದೇಬಿಟ್ರು.

ಸೊಸಿ ಕಣ್ಣಾಗ ನೀರು ತಂದ್ಲು. “ನಮ್ಮಪ್ಪಗ ಏನಂದ್ರಿ ಮಾವಾರ?”

“ಶಿವನಾಣಿ, ಏನೂ ಅಂದಿಲ್ಲವಾ ತಂಗಿ!”

ಆಕಿ ಅವತ್ತು ಊಟಾ ಮಾಡಲಿಲ್ಲ. ಸಂಜಿ ಮುಂದ ಬೀಗರ ಫೋನ್ ಬಂತು. “ಮನಿ ಮುಟ್ಟೂತನಾ ಬಾಯಿ ತಗೀಬಾರದು ಅಂತ ತಿಳಕೊಂಡೆ ಯವ್ವಾ. ಕಂಡಕ್ಟರ್ ಎಲ್ಲಿಗೆ ಅಂದ. ಮುಂದಕ್ಕ ಅಂತ ಕೈ ಮಾಡಿದೆ. ನಮ್ಮ ನರಗುಂದ ದಾಟಿಸಿ ನವಲಗುಂದಕ್ಕ ಒಯ್ದು ಇಳಿಸ್ಯಾನ!”

ಇನ್ನೊಂದು ವಾರ

ಅಸೂಟಿಯಿಂದ ಕಾಮಾಲಿ ಆದ ಒಬ್ಬಾಕಿ ಬರ್ತಿದ್ಲು, ಜೋಡಿಗೆ ಅತ್ತಿನ್ನ ಕರಕೊಂಡು. ಪಥ್ಯಾ ಬಿಗಿ ಇತ್ತು. ಎಣ್ಣಿ ಇಲ್ಲ, ಖಾರ ಇಲ್ಲ, ಒಲಿ ಮುಂದ ಕೂಡೂಹಂಗಿಲ್ಲ. ಮೂರು ವಾರದಾಗ ಕಣ್ಣು ಬೆಳ್ಳಗ ಮಲ್ಲಿಗಿ ಹಂಗ ಆಗಿದ್ದುವು. ನಾಕನೇ ವಾರ ಮತ್ತ ಬಂದ್ಲು.

“ನಿನಗ ಆರಾಮಾಗೇತಲ್ಲವಾ?” ಅಂದ್ರು ನಮ್ಮವರು.

ಆಕಿ ಬಗ್ಗಿ ಮೆಲ್ಲಕ ಅಂದ್ಲು, “ಇನ್ನೊಂದು ವಾರ ಹಳದಿ ಅನ್ರಿ ಅಜ್ಜಾರ. ಮದುವ್ಯಾಗಿ ಹನ್ನೆರಡು ವರ್ಷ ಆತು. ಯಾರರೆ ನೀಡಿದ್ದನ್ನ ಕುಂತು ಉಂಡದ್ದು ಇದ ಮೊದಲು.”

ನಾನು ಕಂಬದ ಹಿಂದ ನಿಂತು ಕೇಳಿದೆ. ನಮ್ಮವರು ಕೆಮ್ಮಿ, ಆಕಿ ಅತ್ತಿಗೆ ಕೇಳೂಹಂಗ ಗಟ್ಟ್ಯಾಗಿ ಅಂದ್ರು, “ಇನ್ನ ಒಳಗ ಭಾಳ ಐತಿ. ಒಂದು ತಿಂಗಳು ಒಲಿ ಕಡೆ ಹೋಗಬಾರದು.”

ಕಾಮಾಲಿ ಯಾರಿಗೆ ಬಂತು ಅನ್ನೂದು ಆವಾಗ ಹಳದಿ ಆದ ಅತ್ತಿ ಮುಖ ನೋಡಿದ್ರ ಗೊತ್ತಾಗತಿತ್ತು.

ಬಚ್ಚಲಕ್ಕ ನಮಸ್ಕಾರ

ಎಲಿ ತರಾಕ ಅವರು ಬೆಳಗಾಗೂದ್ರಾಗ ಒಬ್ಬರ ಹಳ್ಳದ ಮಟಾ ಹೋಗತಿದ್ರು. ಬಾಗಲಾ ಹಾಕ್ಕೊಂಡು ಅರೀತಿದ್ರು. ಆದ್ರ ಅರದ ಕಲ್ಲು ತೊಳ್ಯಾಕಿ ನಾನು! ಮೊದಲನೇ ವರ್ಷದಾಗ ನನಗ ಗೊತ್ತಾಗಿತ್ತು. ಗೇಣುದ್ದದ ಗಿಡ, ಸಣ್ಣ ಎಲಿ, ಎಲಿ ಕೆಳಗ ಸಾಲಾಗಿ ಸಾಸವಿಯಂಥಾ ಕಾಯಿ. ನಿಮಗ ಯಾವುದಂತ ಗೊತ್ತಾಗಿದ್ರ ಸುಮ್ಮನಿರ್ರಿ, ನನ್ನ ಮುಂದ ಹೆಸರು ಅನಬ್ಯಾಡ್ರಿ.

ವಯಸ್ಸಾದಂಗ ಅವರ ಮೊಣಕಾಲು ಹಿಡದುವು. ಹಳ್ಳಕ್ಕ ಕುಂಟಕೋತ ಹೋಗೂದು ನೋಡಲಾರದ ನಾನು ನಾಕು ಗಿಡಾ ಬೇರು ಸಮೇತ ಕಿತ್ತು ತಂದು, ಹಿತ್ತಲದಾಗ ಬಚ್ಚಲ ನೀರು ಹರಿಯೂ ಕಡೆ ಹಚ್ಚಿದೆ. ಒಂದಿನಾ ಅವರ ಕಣ್ಣಿಗೆ ಬಿತ್ತು. ದೇವರ ಕೊಟ್ಟಾನ ಅಂತ ಕೆರವು ಬಿಟ್ಟು ಕೈ ಮುಗದ್ರು. ಆಮ್ಯಾಲ ದಿನಾ ಮುಂಜಾನೆ ಅದ ನಡೀತು.

ಬಾಜೂಮನ್ಯಾಕಿ ಗ್ವಾಡಿ ಮ್ಯಾಲಿಂದ ನೋಡಿ ಕೇಳಿದ್ಲು, “ಯಕ್ಕಾ, ನಿಮ್ಮ ಯಜಮಾನ್ರು ಬಚ್ಚಲಕ್ಕ ಯಾಕ ಕೈ ಮುಗೀತಾರ?”

“ಒಳಗ ನಾನು ಜಳಕಾ ಮಾಡಾಕತ್ತಿರ್ತೇನಲ್ಲ, ಅದಕ್ಕ” ಅಂದೆ.

ಬಾಟ್ಲಿ ಮ್ಯಾಲಿನ ಚಿತ್ರ

ಹೋದ ವರ್ಷ ಅವರ ಕಣ್ಣ ಹಳದಿ ಆದುವು. ಮೊದಲ ನೋಡಿದಾಕಿ ನಾನು. ತನ್ನ ಔಷಧಿ ತಾನ ಅರದು ಕುಡದ್ರ ಹತ್ತೂದಿಲ್ಲ, ಇನ್ನೊಬ್ಬರ ಕೈಲೇ ಬರಬೇಕು ಅಂತ ಅವರ ನಂಬಿಕಿ. ಇನ್ನೊಬ್ಬರಿಗೆ ಹೆಸರು ಹೇಳಾಕ ಮನಸ್ಸಿಲ್ಲ. ನನಗ ಗೊತ್ತೈತಿ ಅಂದ್ರ ಅವರ ನಲವತ್ತು ವರ್ಷದ ಗುಟ್ಟು ಹೋಗತಿತ್ತು. ಅನದಿದ್ರ ಅವರ ಹೋಗತಿದ್ರು. ಮಗನ ಕಡಿಂದ ಹಟಾ ಹಿಡಿಸಿ ಗದಗಿನ ದವಾಖಾನಿಗೆ ಕರಕೊಂಡು ಹೋದೆ.

ಡಾಕ್ಟರು ನನ್ನ ಹೊರಗ ಕರದು ಅಂದ್ರು, “ಪಿತ್ತದ ದಾರ್ಯಾಗ ಗಂಟು ಬೆಳದೈತಿ ಅಮ್ಮಾ. ಮನೀಗೆ ಕರಕೊಂಡು ಹೋಗ್ರಿ. ಏನು ಕೇಳ್ತಾರೋ ಕೊಡ್ರಿ.”

“ಎಲಿ ಔಷಧಿ ಮೊದಲ ಕೊಟ್ಟಿದ್ರ?”

“ಇದು ಎಲಿಗೆ ಬಗ್ಗೂ ಕಾಮಾಲಿ ಅಲ್ಲ. ನಿಮ್ಮ ತಪ್ಪಿಲ್ಲ.”

ಆ ಮಾತನ್ನ ಈಗೂ ಸೆರಗಿನ ತುದೀಗೆ ಕಟಗೊಂಡು ಓಡಾಡ್ತೀನಿ.

ಮೆಡಿಕಲ್ ಅಂಗಡಿಯಿಂದ ಮಗ ಕಾಮಾಲಿ ಔಷಧಿದು ಒಂದು ಬಾಟ್ಲಿ ತಂದ. ಅದರ ಮ್ಯಾಲ ಚಿತ್ರಾ ಇತ್ತು. ಅದ ಗಿಡ, ಅದ ಕಾಯಿ! ನಮ್ಮವರು ನೋಡಿ ದಂಗಾದ್ರು. “ಯಾವನೋ ಬಾಯಿ ಬಿಟ್ಟಾನ” ಅಂತ ಗೊಣಗಿ, ನನಗ ಕಾಣಬಾರದಂತ ಬಾಟ್ಲಿ ಗ್ವಾಡಿ ಕಡೆ ತಿರುಗಿಸಿ ಇಟ್ರು. ಸೊಸಿ ಔಷಧಿ ಹಾಕಿ ಈ ಕಡೆ ತಿರುಗಿಸಿಡೂದು, ಇವರು ಮತ್ತ ಆ ಕಡೆ ತಿರುಗಿಸೂದು.

ಮೂರನೇ ದಿನಾ ನನ್ನ ಕರದ್ರು. “ಬಾಗಲಾ ಹಾಕು. ಕಿವಿ ಇಲ್ಲಿ ತಾ.” ಕಿವ್ಯಾಗ ಹೆಸರು ಹೇಳಿದ್ರು.

ನಾನು ಎದಿ ಮ್ಯಾಲ ಕೈ ಇಟಗೊಂಡೆ. “ಅಯ್ಯ ಶಿವನ! ಹಿತ್ತಲದಾಗಿಂದಾ? ನಾ ಅದನ್ನ ಕಸಾ ಅಂತ ತಿಳದಿದ್ದೆನಲ್ರಿ!”

ಆ ಹಳದಿ ಮುಖದಾಗ ಎಂಥಾ ನಗಿ ಬಂತಂತೀರಿ! “ನಿನಗ ಹ್ಯಾಂಗ ಗೊತ್ತಾಗಬೇಕು ಹುಚ್ಚಿ” ಅಂದ್ರು.

ಎಲಿ ತಂದು ಅರದೆ. ಆಗಷ್ಟ ಕಡದ ಮಜ್ಜಿಗ್ಯಾಗ ಕಲಸಿ ಕುಡಿಸಿದೆ. ಇಷ್ಟು ವರ್ಷ ಊರಿಗೆಲ್ಲ ಕೊಟ್ಟ ಮನಶ್ಯಾ ಅದರ ರುಚಿ ನೋಡಿದ್ದು ಅದ ಮೊದಲು. ಮುಖಾ ಕಿವಿಚಿ, ಕಣ್ಣು ಮುಚ್ಚಿ, ಒಂದೀಟು ಉಳಿಸಿ ಕುಡಿಯೂ ವಾಟೆ ಕೆಳಗ ಇಟ್ರು.

“ಯಾಕ್ರಿ?” ಅಂದೆ.

“ಮಜ್ಜಿಗಿ ಕೆಡಿಸೀದಿ” ಅಂದ್ರು.

“ತಪ್ಪಾತ್ರಿ” ಅಂದೆ.

ಅದಾಗಿ ನಾಕನೇ ದಿನಕ್ಕ ಅವರು ಹೋದ್ರು. ಆದ್ರ ಎಲಿ ಕುಡಿಸಿದ ದಿನಾ, ಅವರಿಗೆ ನಿದ್ದಿ ಹತ್ತಿದ ಮ್ಯಾಲ, ವಾಟೆದಾಗ ಉಳದದ್ದನ್ನ ನಾನೂ ಕುಡದೆ. ವಿಷಾ ಅಂದ್ರ ವಿಷಾ, ಅಷ್ಟು ಕಹಿ. ಕಣ್ಣಾಗ ನೀರು ಇಳಿಯಾಕತ್ತುವು, ನಿಲ್ಲವೊಲ್ಲವು. ಸೊಸಿ ಬಾಗಲಾ ತಗದು ಓಡಿ ಬಂದ್ಲು, “ಯಾಕ ಅತ್ತಿ, ಏನಾತು?”

“ಏನಿಲ್ಲವಾ” ಅಂದೆ. “ಮಜ್ಜಿಗಿ ಕೆಟ್ಟೈತಿ.”